ಎಲ್ಲರೂ ಒಂದೇ ಪುಟದಲ್ಲಿರದ ತರಗತಿ

“ಆಗಸ್ಟ್ ಬಂತು, ಇನ್ನೂ ಅ ಆ ಇ ಈ ಶುರು ಮಾಡಿಲ್ವಂತೆ. ಬರೀ ಹಾಡು, ಕುಣಿತ, ಮಣ್ಣಲ್ಲಿ ಆಟ.” ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಮಗುವನ್ನು ಸೇರಿಸಿದ ಅಪ್ಪ ಅಮ್ಮಂದಿರ ಈ ದೂರು ನೆಲಮಂಗಲದ ಕಡೆ ಪ್ರತಿ ಮಳೆಗಾಲದಲ್ಲೂ ಕೇಳಿಬರುತ್ತದೆ. ಅವರನ್ನು ಬೈಯುವಂತಿಲ್ಲ. ಪಕ್ಕದ ಮನೆಯ ಅದೇ ವಯಸ್ಸಿನ ಮಗು ಹಳದಿ ವ್ಯಾನಿನಲ್ಲಿ ಹೋಗಿ, ಸಂಜೆಗೆ ಇಂಗ್ಲಿಷ್ ಅಕ್ಷರ, ನೂರರವರೆಗಿನ ಅಂಕಿ ಎಲ್ಲವನ್ನೂ ಪುಟಗಟ್ಟಲೆ ಬರೆದ ನೋಟ್‌ಬುಕ್ ತರುತ್ತದೆ. ಇವರ ಮಗು ತರುವುದು ಬಣ್ಣದ ಕಾಗದದ ಚೂರು ಅಂಟಿಸಿದ ಒಂದು ಮೀನು. ಯಾರಿಗಾದರೂ ಕಸಿವಿಸಿ ಆಗುವುದೇ.

ಆ ಕಸಿವಿಸಿಯ ಹಿಂದೆ ಒಂದು ನಂಬಿಕೆ ಇದೆ. ಒಂದು ತರಗತಿ ಎಂದರೆ ಅಲ್ಲಿರುವ ಮಕ್ಕಳೆಲ್ಲ ಒಂದೇ ದಿನ ಒಂದೇ ಪುಟ ತೆರೆಯಬೇಕು, ಒಂದೇ ಅಕ್ಷರ ತಿದ್ದಬೇಕು ಎಂಬ ನಂಬಿಕೆ. ನಾವೆಲ್ಲ ಕಲಿತದ್ದು ಹಾಗೆಯೇ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದನೇ ತರಗತಿ ಮಾತ್ರ 2009-10ರಿಂದ ಆ ನಂಬಿಕೆಯನ್ನು ಪಕ್ಕಕ್ಕಿಟ್ಟು ನಡೆಯುತ್ತಿದೆ. ಅದರ ಹೆಸರು ನಲಿ-ಕಲಿ. ಹೆಸರು ಕೇಳಿದವರು ‘ನಲಿ’ಯನ್ನಷ್ಟೇ ಹಿಡಿದುಕೊಂಡು, ಇದೇನೋ ಆಟದ ಕ್ಲಾಸು ಅಂದುಕೊಂಡುಬಿಟ್ಟಿದ್ದಾರೆ. ಆಟ ಅದರ ಸಣ್ಣ ಭಾಗ. ಪ್ರತಿ ಮಗುವೂ ತಾನು ನಿಂತ ಜಾಗದಿಂದಲೇ ಮುಂದಕ್ಕೆ ಹೋಗಬೇಕು ಎಂಬುದು ಅದರ ಬುಡದಲ್ಲಿರುವ ಯೋಚನೆ.

ಮೊದಲು ವಯಸ್ಸಿನ ಲೆಕ್ಕ ನೋಡೋಣ. ಜೂನ್ 1ಕ್ಕೆ ಆರು ವರ್ಷ ತುಂಬಿದ್ದರೆ ಮಾತ್ರ ಒಂದನೇ ತರಗತಿ ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. 2025-26ರ ಸಾಲಿಗೆ ಪೋಷಕರ ಒತ್ತಾಯ ಜೋರಾದಾಗ, ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೂ ಸಾಕು ಎಂದು ಸಡಿಲಿಸಿತು. ಈ ಆರೇಳು ತಿಂಗಳಿಗೆ ಇಷ್ಟೊಂದು ಗಲಾಟೆ ಏಕೆ ಎಂದು ಆಗ ಅನೇಕರು ನಕ್ಕರು. ಆದರೆ ಒಂದೇ ತರಗತಿಯಲ್ಲಿ ಐದೂವರೆ ವರ್ಷದ ಮಗುವೂ ಆರೂವರೆ ವರ್ಷದ ಮಗುವೂ ಪಕ್ಕಪಕ್ಕ ಕೂತಿದ್ದರೆ, ಚಿಕ್ಕದರ ಪಾಲಿಗೆ ಆ ಅಂತರ ಅದು ಇಲ್ಲಿಯವರೆಗೆ ಬಾಳಿದ ಬದುಕಿನ ಐದನೇ ಒಂದು ಭಾಗಕ್ಕೂ ಹತ್ತಿರ. ನಲವತ್ತು ವರ್ಷದವನಿಗೆ ಏಳೆಂಟು ವರ್ಷ ದೊಡ್ಡವನ ಜೊತೆ ಓಟದ ಪಂದ್ಯ ಕಟ್ಟಿದಂತೆ ಅಲ್ಲ ಇದು. ಅವರಿಬ್ಬರೂ ಆಗಲೇ ಬೆಳೆದು ಮುಗಿದವರು. ಇಲ್ಲಿ ಕಿವಿ, ಕಣ್ಣು, ಬೆರಳು, ಮಾತು ಎಲ್ಲವೂ ಇನ್ನೂ ಕಟ್ಟಿಕೊಳ್ಳುತ್ತಿವೆ.

ಬೆರಳಿನ ಮಾತೇ ತೆಗೆದುಕೊಳ್ಳಿ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಹುಟ್ಟುವಾಗ ಅವು ಎಲುಬುಗಳೇ ಅಲ್ಲ, ಮೆತ್ತನೆಯ ಮೃದ್ವಸ್ಥಿ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ಆರರ ಮಗುವಿನಲ್ಲಿ ಆ ಕೆಲಸ ಮುಗಿದಿರುವುದಿಲ್ಲ; ಎಂಟನೆಯದು ಗಟ್ಟಿಯಾಗಲು ಶುರುವಾಗುವುದೇ ಸಾಮಾನ್ಯವಾಗಿ 9ರಿಂದ 12 ವರ್ಷದ ನಡುವೆ. ಇಂಥ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಪುಟ ಕಾಪಿ ಬರೆಸಿದರೆ ಅದು ಮುಷ್ಟಿಯಲ್ಲಿ ಹಿಡಿದು, ಕಾಗದ ತೂತಾಗುವಂತೆ ಒತ್ತಿ ಬರೆಯುತ್ತದೆ. ಕಾಗದ ಹರಿಯುವುದು, ಮಣಿ ಪೋಣಿಸುವುದು, ಜೇಡಿಮಣ್ಣನ್ನು ಹಾವಿನಂತೆ ಹೊಸೆಯುವುದು, ಮರಳಿನ ಮೇಲೆ ಬೆರಳಾಡಿಸುವುದು, ಹೊಂಗೆ ಎಲೆಯ ಅಂಚನ್ನು ಸೀಮೆಸುಣ್ಣದಲ್ಲಿ ಸುತ್ತಿ ಗೆರೆ ಎಳೆಯುವುದು: ಇವೆಲ್ಲ ಬರವಣಿಗೆಯ ಮೊದಲ ಪಾಠಗಳೇ. ಆ ಕಾಗದದ ಮೀನನ್ನು ಇನ್ನೊಮ್ಮೆ ನೋಡಿ. ಹೆಬ್ಬೆರಳು ತೋರುಬೆರಳು ಸೇರಿಸಿ ಅಷ್ಟು ಚಿಕ್ಕ ಚಿಕ್ಕ ಚೂರು ಹರಿಯಲು ಬಂದ ಮಗುವಿಗೆ ಪೆನ್ಸಿಲ್ ಹಿಡಿಯುವುದು ಹೇಳಿಕೊಡಬೇಕಾಗಿಲ್ಲ.

2021ರ ಜುಲೈ 29ರಂದು ದೇಶದ ಮಟ್ಟದಲ್ಲಿ ಬಿಡುಗಡೆಯಾದ ‘ವಿದ್ಯಾ ಪ್ರವೇಶ’ ಎಂಬ ಕಾರ್ಯಕ್ರಮ ಇದನ್ನೇ ಕ್ರಮಬದ್ಧ ಮಾಡಿತು. ಎನ್‌ಸಿಇಆರ್‌ಟಿ ಸಿದ್ಧಪಡಿಸಿದ್ದು; ಒಂದನೇ ತರಗತಿಯ ಮೊದಲ ಮೂರು ತಿಂಗಳು, ಅಂದರೆ 12 ವಾರ, ಆಟ ಮಾತು ಹಾಡುಗಳ ಮೂಲಕ ಮಗುವನ್ನು ಓದು ಬರಹಕ್ಕೆ ಅಣಿಗೊಳಿಸುವುದು. ನಮ್ಮಲ್ಲಿ ಅಂಗನವಾಡಿಯಿಂದ ಬರುವ ಮಕ್ಕಳೂ ಇರುತ್ತಾರೆ, ಎಲ್ಲಿಗೂ ಹೋಗದೆ ಅಜ್ಜಿಯ ಸೆರಗು ಹಿಡಿದುಕೊಂಡೇ ಆರು ವರ್ಷ ಕಳೆದವರೂ ಇರುತ್ತಾರೆ. ಹಾಗಾಗಿ ಆಗಸ್ಟ್‌ನಲ್ಲಿ ಅ ಆ ಇ ಈ ಕಾಣದಿದ್ದರೆ ಅದು ಮೇಷ್ಟ್ರ ಸೋಮಾರಿತನವೇ ಆಗಬೇಕಿಲ್ಲ. (ಆಗಿರಲೂಬಹುದು. ಅದನ್ನು ಪತ್ತೆ ಹಚ್ಚುವುದು ಹೇಗೆಂದು ಮುಂದೆ ಹೇಳುತ್ತೇನೆ.)

ಇನ್ನು ಅಕ್ಷರದ ಸಂಗತಿ. ಅಪ್ಪ ಅಮ್ಮಂದಿರಿಗೆ ಆಗಸ್ಟ್‌ಗಿಂತ ದೊಡ್ಡ ಆಘಾತ ಕಾದಿರುವುದು ಇಲ್ಲಿ. ಕೊನೆಗೂ ಅಕ್ಷರ ಶುರುವಾದಾಗ ಅದು ‘ಅ ಆ ಇ ಈ’ ಎಂದು ಶುರುವಾಗುವುದಿಲ್ಲ. ನಲಿ-ಕಲಿಯಲ್ಲಿ ಹೆಸರಾದ ಮೊದಲ ಗುಂಪು ‘ರ ಗ ಸ ದ ಅ’. ಅದರ ಹಿಂದೆ ‘ಜ ವ ಮ ಬ ನ’. “ಇದ್ಯಾವ ವರ್ಣಮಾಲೆ? ಮಕ್ಕಳನ್ನ ಹಾಳು ಮಾಡ್ತಾವ್ರೆ” ಎಂದು ನಿವೃತ್ತ ಮೇಷ್ಟ್ರೊಬ್ಬರು ಗೊಣಗಿದ್ದನ್ನು ಕೇಳಿದ್ದೇನೆ. ಅವರ ಸಿಟ್ಟು ಅರ್ಥವಾಗುವಂಥದ್ದು. ಸ್ವರ, ಕವರ್ಗ, ಚವರ್ಗ ಎಂದು ಬಾಯೊಳಗೆ ಧ್ವನಿ ಹುಟ್ಟುವ ಜಾಗದ ಪ್ರಕಾರ ಜೋಡಿಸಿದ ನಮ್ಮ ವರ್ಣಮಾಲೆ ಬಹಳ ಜಾಣತನದ ಜೋಡಣೆ. ಆದರೆ ಅದನ್ನು ಜೋಡಿಸಿದವರು ವ್ಯಾಕರಣದ ಪಂಡಿತರು. ಓದಲು ಬಾರದ ಆರು ವರ್ಷದವರು ಅವರ ಎದುರಿಗೆ ಕೂತಿರಲಿಲ್ಲ.

ಯೋಚಿಸಿ ನೋಡಿ. ಕನ್ನಡದಲ್ಲಿ ಸ್ವರಾಕ್ಷರ ತನ್ನ ಪೂರ್ತಿ ರೂಪದಲ್ಲಿ ಬರುವುದು ಹೆಚ್ಚುಕಮ್ಮಿ ಪದದ ಮೊದಲಲ್ಲಿ ಮಾತ್ರ. ಒಳಗೆ ಬಂದಾಗ ಅದು ಗುಣಿತದ ಚಿಹ್ನೆಯಾಗಿ ಅಡಗಿಕೊಳ್ಳುತ್ತದೆ. ಮಗು 13 ಸ್ವರಗಳನ್ನೂ ತಿಂಗಳುಗಟ್ಟಲೆ ತಿದ್ದಿ ಕಲಿತು, ಗೋಡೆಯ ಮೇಲಿನ ಬರಹ ನೋಡಿದರೆ, ಒಂದು ಪದವನ್ನೂ ಓದಲಾಗುವುದಿಲ್ಲ. ಕಲಿತದ್ದು ಅಲ್ಲಿ ಕಾಣುವುದೇ ಅಪರೂಪ. ಋ ಋಷಿ ಎಂದು ಬಾಯಿಪಾಠ ಮಾಡುತ್ತದೆ. ಋಷಿಯನ್ನು ಕಂಡಿಲ್ಲ, ಕಾಣುವ ಸಂಭವವೂ ಇಲ್ಲ. ಅದೇ ‘ರ ಗ ಸ ದ ಅ’ ಐದೇ ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ದಸರ, ಗರಗಸ, ಸರಸರ ಎಲ್ಲ ಓದಬಹುದು. ಗುಣಿತ ಬೇಡ, ಒತ್ತು ಬೇಡ. ಎರಡನೇ ಗುಂಪೂ ಸೇರಿತೋ, ಜನ, ವನ, ಮರ, ಮನ, ಬರ, ಗಮನ, ಮದರಸ ಎಂದು ಪದಗಳು ಒಂದರ ಹಿಂದೊಂದು ಬಂದುಬಿಡುತ್ತವೆ. ಬರೆಯುವ ಕೈಗೂ ಇದೇ ಅನುಕೂಲ. ರ, ಗ, ಸ, ದ ನಾಲ್ಕಕ್ಕೂ ತಲೆಕಟ್ಟು ಒಂದೇ. ಬಾಗಿದ ಗೆರೆ ತಿರುಗಿಸುವ ಚಳಕ ಒಂದಕ್ಕೆ ಒಲಿದರೆ ಉಳಿದವಕ್ಕೂ ಒಲಿಯುತ್ತದೆ. ವ ಬರೆಯಲು ಬಂದವನಿಗೆ ಮ ಬಾಲ ಸೇರಿಸುವ ಕೆಲಸವಷ್ಟೇ. ಓದಿದೆ ಎಂಬ ಖುಷಿ ಎರಡನೇ ವಾರದಲ್ಲೇ ಸಿಕ್ಕ ಮಗು ಮೂರನೇ ವಾರ ತಾನಾಗಿ ಕಾರ್ಡಿಗೆ ಕೈ ಹಾಕುತ್ತದೆ. ವರ್ಣಮಾಲೆಯ ಕ್ರಮ ಎಲ್ಲಿಗೂ ಓಡಿಹೋಗುವುದಿಲ್ಲ. ಅಕ್ಷರಗಳೆಲ್ಲ ಪರಿಚಯವಾದ ಮೇಲೆ ಒಂದು ವಾರದಲ್ಲಿ ಹಾಡಿನಂತೆ ಬರುತ್ತದೆ.

ಹಾಗೆಂದು ಇದು ಸಲೀಸಾದ ದಾರಿಯಲ್ಲ. 49 ಮೂಲಾಕ್ಷರ, 34 ವ್ಯಂಜನಗಳಿಗೂ ಗುಣಿತದ ಸಾಲು, ಅದರ ಮೇಲೆ ಒತ್ತಕ್ಷರ. ಇಂಗ್ಲಿಷಿನ ಮಗು 26 ಗುರುತು ಕಲಿತು ಮುಗಿಸುವ ಹೊತ್ತಿಗೆ ಕನ್ನಡದ ಮಗು ಇನ್ನೂ ಮುನ್ನೂರು ನಾನೂರು ರೂಪಗಳ ನಡುವೆ ಇರುತ್ತದೆ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಹೇಳಿದ್ದೂ ಇದನ್ನೇ: ಅಕ್ಷರಜ್ಞಾನ ಪೂರ್ತಿ ಕೈಗೆ ಹತ್ತಲು ನಮ್ಮ ಲಿಪಿಯಲ್ಲಿ ವರ್ಷಗಳೇ ಹಿಡಿಯುತ್ತವೆ, ಒಂದನೇ ತರಗತಿಯಲ್ಲೇ ಅದು ಮುಗಿಯುವ ಕೆಲಸವಲ್ಲ. ಇಂಗ್ಲಿಷ್ ಶಾಲೆಯ ಮಗುವಿನ ಜೊತೆ ಹೋಲಿಸುವ ಅಮ್ಮಂದಿರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಂಜೆಯ ಎಷ್ಟೋ ಏಟು ತಪ್ಪೀತು.

ನಮ್ಮ ಊರಿನ ಹೆಸರನ್ನೇ ನೋಡಿ. ಬಸ್ಸಿನ ಹಣೆಯ ಮೇಲೆ ದಿನಾ ಕಾಣುವ ‘ನೆಲಮಂಗಲ’. ಮೊದಲ ಗುಂಪಿನಿಂದ ಗ ಸಿಕ್ಕಿತು. ಎರಡನೆಯದರಿಂದ ನ ಮತ್ತು ಮ. ಲ ಇನ್ನೂ ಮುಂದಿದೆ. ಆಮೇಲೆ ನಕ್ಕೆ ಎತ್ವ ಬೇಕು, ಮಕ್ಕೆ ಸೊನ್ನೆ ಬೇಕು. ಚಪ್ಪಾಳೆ ಹಾಕಿ ನೆ-ಲ-ಮಂ-ಗ-ಲ ಎಂದು ಐದು ಪಾಲು ಮಾಡುವುದು ಮೊದಲ ತಿಂಗಳೇ ಬರುತ್ತದೆ. ಕಣ್ಣಲ್ಲಿ ಓದುವುದು ಎಷ್ಟೋ ತಿಂಗಳ ಮೇಲೆ. ಆ ನಡುವಿನ ಕಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಮಗು “ಅಪ್ಪಾ, ಅಲ್ಲಿ ಮ ಐತೆ, ಗ ಐತೆ” ಎಂದು ಕೂಗಿದರೆ, ಸುಮ್ನಿರೋ ಎಂದು ಗದರದೆ ಹೌದು ಕಣೋ ಅನ್ನುವ ಅಪ್ಪ ಸಿಕ್ಕರೆ, ಶಾಲೆಯ ಕೆಲಸ ಅರ್ಧ ಹಗುರ.

ಈಗ ಕೋಣೆಯೊಳಕ್ಕೆ ಹೋಗೋಣ. ಬೆಂಚು ಇರುವುದಿಲ್ಲ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ, ಮೇಷ್ಟ್ರೂ ಅವರ ಜೊತೆ ನೆಲದ ಮೇಲೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ, ಹೂವು, ಬರಹ ತೂಗುಹಾಕಿರುತ್ತಾರೆ. ಅದನ್ನು ‘ಚಪ್ಪರ’ ಅನ್ನುತ್ತಾರೆ. ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈಗೆಟಕುವಷ್ಟು ಎತ್ತರಕ್ಕೆ, ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೂ ಒಂದು ಜಾಗ ಮಾಡಿಕೊಟ್ಟಿರುತ್ತಾರೆ. ಒಂದು ಪಕ್ಕದಲ್ಲಿ ಹವಾಮಾನ ನಕ್ಷೆ: ಇವತ್ತು ಮೋಡವೋ ಬಿಸಿಲೋ ಮಳೆಯೋ ಎಂದು ಮಕ್ಕಳೇ ಗುರುತು ಹಾಕಬೇಕು. ಇನ್ನೊಂದು ಗೋಡೆಯಲ್ಲಿ ಕಲಿಕೆಯ ಏಣಿ. ಭಾಷೆಗೆ ಒಂದು, ಗಣಿತಕ್ಕೆ ಒಂದು, ಪರಿಸರಕ್ಕೆ ಒಂದು. ಏಣಿಯ ಪ್ರತಿ ಮೆಟ್ಟಿಲಲ್ಲೂ ಒಂದು ಚಿಕ್ಕ ಚಿತ್ರದ ಗುರುತು ಮತ್ತು ಸಂಖ್ಯೆ. ಅದೇ ಗುರುತಿನ ಕಾರ್ಡು ಟ್ರೇಯಲ್ಲಿ. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಮೆಟ್ಟಿಲು ಯಾವುದು, ತನ್ನ ಕಾರ್ಡು ಯಾವುದು ಎಂದು ಹುಡುಕಿಕೊಳ್ಳುತ್ತದೆ. ಕೆಲವು ಮೆಟ್ಟಿಲು ಸೇರಿ ಒಂದು ಮೈಲಿಗಲ್ಲು. ಕೊನೆಗೆ ಮೌಲ್ಯಮಾಪನದ ಕಾರ್ಡು. ಅದು ಪರೀಕ್ಷೆಯೇ, ಮಗುವಿಗೆ ಮಾತ್ರ ಗೊತ್ತಾಗುವುದಿಲ್ಲ.

ಕಾರ್ಡು ತೆಗೆದುಕೊಂಡ ಮೇಲೆ ಎಲ್ಲಿ ಕೂರಬೇಕು ಎಂಬುದಕ್ಕೆ ಗುಂಪು ತೋರಿಸುವ ತಟ್ಟೆಗಳಿವೆ. ಹೊಸ ಪಾಠವಾದರೆ ಶಿಕ್ಷಕರ ಪೂರ್ತಿ ಸಹಾಯದ ಗುಂಪು. ಸ್ವಲ್ಪ ಗೊತ್ತಾಗಿದ್ದರೆ ಶಿಕ್ಷಕರು ಆಗಾಗ ಬಂದುಹೋಗುವ ಗುಂಪು. ಅಭ್ಯಾಸಕ್ಕೆ ಸಹಪಾಠಿಗಳು ಸಹಾಯ ಮಾಡುವ ಗುಂಪುಗಳು. ಕಡೆಗೆ ಯಾರ ನೆರವೂ ಇಲ್ಲದೆ ತಾನೇ ಮಾಡುವ ಸ್ವಕಲಿಕೆ. ಇದನ್ನು ಯಾರೇ ಮೊದಲ ಸಲ ನೋಡಿದರೂ ಸಂತೆಯಂತೆಯೇ ಕಾಣುತ್ತದೆ. ಒಬ್ಬ ಮಣಿ ಎಣಿಸುತ್ತಿದ್ದಾನೆ, ಇಬ್ಬರು ಕಾರ್ಡಿಗೆ ಜಗಳ, ಒಬ್ಬಳು “ಮಿಸ್, ನಂದಾಯ್ತು” ಎಂದು ಸ್ಲೇಟು ಎತ್ತಿ ಹಿಡಿದಿದ್ದಾಳೆ. ಹತ್ತು ನಿಮಿಷ ಸುಮ್ಮನೆ ಕೂತು ನೋಡಿದರೆ ಮಾತ್ರ ಯಾವ ಗದ್ದಲ ಕಲಿಕೆಯದು, ಯಾವುದು ಬರೀ ಗದ್ದಲ ಎಂದು ತಿಳಿಯುತ್ತದೆ.

ಸೋಂಪುರ ಹೋಬಳಿಯ ಒಂದು ಶಾಲೆಯಲ್ಲಿ ನಾನು ಹಾಗೆ ಕೂತಿದ್ದೆ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಆ ಕಡೆಯ ಶಾಲೆಗಳಲ್ಲಿ ರಾಯಚೂರು, ಯಾದಗಿರಿಯ ಮಕ್ಕಳು, ಬಿಹಾರ, ಉತ್ತರಪ್ರದೇಶದ ಮಕ್ಕಳು ಎಲ್ಲರೂ ಒಂದೇ ಚಾಪೆಯ ಮೇಲೆ. ಅಪ್ಪ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹಿಂದಿಯ ಹುಡುಗಿ ಕಾರ್ಡಿನಲ್ಲಿದ್ದ ಚಿತ್ರ ನೋಡಿ “ಆರಿ” ಅಂದಳು. ಪಕ್ಕದಲ್ಲಿದ್ದವಳು ಅವಳಿಗಿಂತ ಒಂದು ಗೇಣು ಎತ್ತರ, ಎರಡನೇ ತರಗತಿ ಇರಬೇಕು. “ಅಲ್ಲ ಕಣೇ, ಗರಗಸ. ನಮ್ಮಪ್ಪನ ಹತ್ರ ಐತೆ, ಮರ ಕುಯ್ಯೋದು” ಎಂದು ಕೈಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ತೋರಿಸಿದಳು. ಆಮೇಲೆ ಇಬ್ಬರೂ ಗ-ರ-ಗ-ಸ ಎಂದು ನಾಲ್ಕು ಚಪ್ಪಾಳೆ ಹಾಕಿದರು. ಹಿಂದಿಯವಳು ಮೊದಲನೆಯ ಗ ತೋರಿಸಿ, ಬೆರಳನ್ನು ಒಂದು ಅಕ್ಷರ ದಾಟಿಸಿ ಮತ್ತೊಂದು ಗ ತೋರಿಸಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಶಿಕ್ಷಕಿ ಆಗ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದರು, ಅವರಿಗೆ ಇದು ಕಾಣಲೂ ಇಲ್ಲ. ಕಾಣದಿದ್ದರೂ ನಡೆಯುವಂತೆ ಆ ಕೋಣೆಯನ್ನು ಕಟ್ಟಿದ್ದಾರೆ.

ಇದನ್ನು ಕಟ್ಟಿದ್ದು ಯಾರು? ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಹುಟ್ಟಿದ ಯೋಜನೆಯಲ್ಲ ಇದು. ಆಂಧ್ರದ ಮದನಪಲ್ಲಿ ಹತ್ತಿರ ಜಿಡ್ಡು ಕೃಷ್ಣಮೂರ್ತಿಯವರ ರಿಷಿ ವ್ಯಾಲಿ ಶಾಲೆಯಿದೆಯಲ್ಲ, ಅದರ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಕಾರ್ಡು, ಏಣಿಗಳ ಪದ್ಧತಿಯೊಂದನ್ನು ರೂಪಿಸಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿಬಂದರು. ಯುನಿಸೆಫ್ ನೆರವು ಕೊಟ್ಟಿತು. ಕಾಡಂಚಿನ ತಾಲ್ಲೂಕು, ಒಬ್ಬರೋ ಇಬ್ಬರೋ ಮೇಷ್ಟ್ರು ಇರುವ ಶಾಲೆಗಳು, ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ ಎಂಬಂಥ ಮಕ್ಕಳ ಹಾಜರಿ. ಆ ಶಿಕ್ಷಕರು ತಮ್ಮೂರಿನ ಹಾಡು, ಕತೆ, ವಸ್ತುಗಳನ್ನು ತುಂಬಿ ಕನ್ನಡದ ಕಾರ್ಡುಗಳನ್ನು ತಾವೇ ಕೂತು ಬರೆದರು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಇದು ಬಂತು, ಮರುವರ್ಷ ಮೂರನೆಯದಕ್ಕೂ. ತಮಿಳುನಾಡು ಇದೇ ಮೂಲದಿಂದ ಸ್ಫೂರ್ತಿ ಪಡೆದು ತನ್ನ ಪದ್ಧತಿ ಕಟ್ಟಿಕೊಂಡಿತು.

ಎಚ್.ಡಿ. ಕೋಟೆಯ ಶಿಕ್ಷಕರನ್ನು ಕಾಡಿದ್ದ ಗೈರುಹಾಜರಿಯ ಸಮಸ್ಯೆ ನೆಲಮಂಗಲಕ್ಕೂ ಹೊರತಲ್ಲ, ಕಾರಣ ಬೇರೆ ಅಷ್ಟೆ. ಕಾರ್ಖಾನೆಯ ಕೆಲಸಕ್ಕೆ ಬಂದ ಸಂಸಾರ ಹಬ್ಬಕ್ಕೆ ಊರಿಗೆ ಹೋದರೆ ಹದಿನೈದು ದಿನ. ರಾಗಿ ಕುಯ್ಲಿಗೆ ಅಪ್ಪ ಅಮ್ಮ ಇಬ್ಬರೂ ಹೊಲಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಆರು ವರ್ಷದ ಅಕ್ಕ ಮನೆಯಲ್ಲಿ. ಸಂಕ್ರಾಂತಿಗೆ ಶಿವಗಂಗೆ ಜಾತ್ರೆ, ನಂಟರು. ಮಾಮೂಲಿ ತರಗತಿಯಲ್ಲಿ ಇಂಥ ಮಗು ಹದಿನಾರನೇ ದಿನ ಬಂದು ನೋಡಿದರೆ ಪಾಠ ಎಲ್ಲಿಗೋ ಹೋಗಿರುತ್ತದೆ. ಬೋರ್ಡಿನ ಮೇಲಿರುವುದು ಅರ್ಥವಾಗದೆ ಹಿಂದಿನ ಬೆಂಚಿಗೆ ಸರಿಯುತ್ತದೆ. ಹಿಂದಿನ ಬೆಂಚಿನಿಂದ ಮನೆಗೆ ಬಹಳ ದೂರವಿಲ್ಲ. ನಲಿ-ಕಲಿ ಕೋಣೆಯಲ್ಲಿ ಆ ಮಗು ಏಣಿಯ ಬಳಿ ಹೋಗಿ, ತಾನು ಬಿಟ್ಟ ಮೆಟ್ಟಿಲು ಹುಡುಕಿ, ಅದೇ ಕಾರ್ಡು ತೆಗೆದುಕೊಳ್ಳುತ್ತದೆ. “ಎಲ್ಲಿಗೆ ಹೋಗಿದ್ಯೋ ಇಷ್ಟು ದಿನ” ಎಂದು ಯಾರೂ ಎಲ್ಲರೆದುರು ನಿಲ್ಲಿಸಿ ಕೇಳಬೇಕಾಗಿಲ್ಲ. ನಲಿ-ಕಲಿಯ ಹಾಡು ಕುಣಿತವನ್ನೆಲ್ಲ ತೆಗೆದುಹಾಕಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಗಣಿತದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅಲ್ಲಿ ತಕರಾರು ಕಡಿಮೆ. ಹುಣಸೆಬೀಜ, ಹೊಂಗೆಬೀಜ, ಅವರೆ ಕಾಲದಲ್ಲಿ ಅವರೆಕಾಳು. ಎಣಿಸುವುದು, ಗುಂಪು ಮಾಡುವುದು, ಹತ್ತು ಕಡ್ಡಿಗೆ ರಬ್ಬರ್‌ಬ್ಯಾಂಡ್ ಹಾಕಿ ಒಂದು ಕಟ್ಟು ಮಾಡುವುದು. ಈ ಕಟ್ಟಿನ ವಿಷಯದಲ್ಲಿ ಕನ್ನಡದ ಮಗು ಪುಣ್ಯವಂತ. ಇಪ್ಪತ್ತು ದಾಟಿದರೆ ನಮ್ಮ ಎಣಿಕೆಯೇ ಲೆಕ್ಕ ಹೇಳಿಕೊಡುತ್ತದೆ: ಇಪ್ಪತ್ತು ಮತ್ತು ಮೂರು ಇಪ್ಪತ್ಮೂರು, ಎರಡು ಕಟ್ಟು ಮೂರು ಬಿಡಿ. ಹಿಂದಿಯ ಮಗುವಿಗೆ ನೂರರವರೆಗೂ ಬಹುಪಾಲು ಹೆಸರುಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುವ ಕಷ್ಟ. ಮನೆಯವರ ತಕರಾರು ಮಗ್ಗಿಯದು. ಒಂದನೇ ತರಗತಿಗೆ ಮಗ್ಗಿ ಬೇಡ. ಏಳನ್ನು ಐದು ಮತ್ತು ಎರಡು, ನಾಲ್ಕು ಮತ್ತು ಮೂರು, ಆರು ಮತ್ತು ಒಂದು ಎಂದು ಬೀಜಗಳಲ್ಲಿ ಒಡೆದು ತೋರಿಸಲು ಬಂದರೆ ಅದು ಎರಡೊಂದ್ಲ ಎರಡಕ್ಕಿಂತ ಹತ್ತು ಪಾಲು ಮೇಲು.

ಇಷ್ಟೆಲ್ಲ ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಬೇರೆ ಬೇರೆ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಒಳ್ಳೆಯ ಪದ್ಧತಿ ಎಂದು ಇಲಾಖೆ ಹೇಳುತ್ತದೆ. ಪದ್ಧತಿ ಒಳ್ಳೆಯದೇ, ದೊಡ್ಡವರು ಚಿಕ್ಕವರಿಗೆ ಕಲಿಸುತ್ತಾರೆ, ಗರಗಸ ಅಲ್ಲೇ ಬಂದದ್ದು. ಆದರೆ ಅದು ಉಳಿತಾಯದ ಪದ್ಧತಿಯೂ ಹೌದು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ನಲವತ್ತು ಮಕ್ಕಳಿರುವ ಐದು ತರಗತಿಯ ಶಾಲೆಯಲ್ಲಿ ಒಬ್ಬರು ನಲಿ-ಕಲಿ ನೋಡಿಕೊಂಡರೆ ಇನ್ನೊಬ್ಬರು ಉಳಿದ ತರಗತಿಗಳನ್ನು. ಅವರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಚುನಾವಣೆ ಕೆಲಸಕ್ಕೋ ಹೋದರೆ? ಐದೂ ತರಗತಿ ಒಬ್ಬರ ಕೊರಳಿಗೆ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರಲ್ಲ, ಒಂದನೇ ತರಗತಿಯ ಮಗುವಿಗೆ ಅಕ್ಷರ ಆಗಷ್ಟೇ ನಾಟುತ್ತಿದ್ದ ಹೊತ್ತದು. ನಲಿ-ಕಲಿಗೆ ಯಂತ್ರದಂಥ ಪಠ್ಯ ಇಲ್ಲ, ಅದು ನಿಂತಿರುವುದೇ ಆ ಒಬ್ಬ ಶಿಕ್ಷಕಿಯ ಕಣ್ಣಿನ ಮೇಲೆ. ಕಣ್ಣು ಬೇರೆಡೆಗೆ ಹೋದರೆ ಸ್ವಕಲಿಕೆಯ ಗುಂಪು ಅದೇ ಕಾರ್ಡನ್ನು ನಾಲ್ಕನೇ ಸಲ ತಿರುವಿಹಾಕುತ್ತ ಕೂತಿರುತ್ತದೆ. ಅಂಥ ಕೋಣೆಗಳೂ ಇವೆ. ಅಲ್ಲಿ ಚಪ್ಪರದ ಮೇಲಿನ ಕಾಗದ ಹೋದ ವರ್ಷದ್ದು.

ಕೊರೋನಾ ಕಾಲ ಇದನ್ನು ಕ್ರೂರವಾಗಿ ತೋರಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕಿರಿಯ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೇ ತರಗತಿಯ ಕೋಣೆಯನ್ನೇ ನೋಡದ ಮಕ್ಕಳು ಎರಡನೇ ತರಗತಿಯವರೆಂದು ಬಂದು ಕೂತರು. 2022-23ನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ಕರೆದು ಸರಿಮಾಡುವ ಪ್ರಯತ್ನ ನಡೆಯಿತು. ಟಿವಿ, ಮೊಬೈಲಿನ ಪಾಠ ದೊಡ್ಡ ಮಕ್ಕಳಿಗೆ ಅಷ್ಟೋ ಇಷ್ಟೋ ಆಯಿತು. ಆರು ವರ್ಷದವರಿಗೆ ಆಗಲಿಲ್ಲ. ಪಕ್ಕದಲ್ಲಿ ಕೂತು “ಅಲ್ಲ ಕಣೇ” ಅನ್ನುವವಳು ಬೇಕು.

ಇನ್ನೊಂದು ಕಡೆ ಇಂಗ್ಲಿಷಿನ ಸೆಳೆತ. 2019-20ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು, ಆಮೇಲೆ ಅದು ಹಬ್ಬುತ್ತಲೇ ಇದೆ. ತುಮಕೂರು ರಸ್ತೆಯ ಎರಡೂ ಬದಿ ಶಾಲೆಯ ಬೋರ್ಡುಗಳನ್ನು ನೋಡಿದವರಿಗೆ ಸರ್ಕಾರ ಏಕೆ ಹೀಗೆ ಮಾಡಿತೆಂದು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ಕಲಿಯುವುದು ಬೇಡವೆಂದು ಯಾವ ಕೂಲಿಕಾರನಿಗೂ ಹೇಳುವ ಧೈರ್ಯ ನನಗಿಲ್ಲ. ನನ್ನ ತಕರಾರು ಬೆಂಚಿನ ಬಗ್ಗೆ. ಇಂಗ್ಲಿಷ್ ಬಂದ ಕಡೆಯೆಲ್ಲ ಬೆಂಚು ಬರುತ್ತದೆ, ಎಲ್ಲರೂ ಒಂದೇ ಪುಟ ತೆರೆಯುವ ಪದ್ಧತಿ ಮರಳಿ ಬರುತ್ತದೆ. ಭಾಷೆ ಯಾವುದಾದರೂ ಇರಲಿ, ಆ ಏಣಿಯನ್ನೇಕೆ ಗೋಡೆಯಿಂದ ಕೀಳಬೇಕು?

ಮಗುವಿನ ಶಾಲೆಯಲ್ಲಿ ನಿಜವಾಗಿ ಕಲಿಕೆ ನಡೆಯುತ್ತಿದೆಯೋ, ಬರೀ ಆಟವೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ‘ಸಮುದಾಯದತ್ತ ಶಾಲೆ’ ಎಂದು ವರ್ಷದಲ್ಲಿ ಕೆಲವು ಬಾರಿ ಪೋಷಕರ ಸಭೆ ಕರೆಯುತ್ತಾರೆ. ಅಲ್ಲಿ ಹೋಗಿ “ಎಷ್ಟು ಮಾರ್ಕ್ಸ್ ಮೇಡಂ” ಎಂದು ಕೇಳಬೇಡಿ. “ನಮ್ಮ ಹುಡುಗಿ ಈಗ ಯಾವ ಮೆಟ್ಟಿಲಲ್ಲಿದ್ದಾಳೆ? ಹೋದ ಸಲ ಎಲ್ಲಿದ್ದಳು?” ಎಂದು ಕೇಳಿ. ‘ಪ್ರಗತಿ ನೋಟ’ ಎಂಬ ದಾಖಲೆಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಅದನ್ನು ಗುರುತು ಹಾಕಿರುತ್ತಾರೆ. ಉತ್ತರ ಥಟ್ಟನೆ ಬಂದರೆ ಕೋಣೆ ಜೀವಂತವಾಗಿದೆ ಎಂದರ್ಥ. ಎಲ್ಲ ಮಕ್ಕಳ ಹೆಸರಿನ ಮುಂದೆಯೂ ಒಂದೇ ಮೆಟ್ಟಿಲು, ಒಂದೇ ದಿನಾಂಕ ಇದ್ದರೆ ಸಂಶಯಪಡಿ. ಅದು ಮೇಲಿನವರಿಗಾಗಿ ತುಂಬಿದ ಪುಸ್ತಕ. ಮನೆಯಲ್ಲಿ ನೋಟ್‌ಬುಕ್ ಬಿಚ್ಚಿಸುವ ಬದಲು ಶಾಲೆಯಲ್ಲಿ ಕೇಳಿದ ಕತೆ ಹೇಳಿಸಿ. ನಡುವೆ ನಿಲ್ಲಿಸಿ “ಆಮೇಲೆ?” ಅನ್ನಿ. ಕತೆಯನ್ನು ಕ್ರಮವಾಗಿ ಹೇಳಲು ಬಂದ ಮಗುವಿಗೆ ಓದು ದೂರವಿಲ್ಲ.

ಏಪ್ರಿಲ್ ಹೊತ್ತಿಗೆ ಕೆಲವರು ಮೊದಲ ವರ್ಷದ ಮೆಟ್ಟಿಲು ಮುಗಿಸಿ ಎರಡನೆಯದಕ್ಕೆ ಕಾಲಿಟ್ಟಿರುತ್ತಾರೆ, ಕೆಲವರು ಇನ್ನೂ ಗುಣಿತದ ಮೊದಲ ಕಾರ್ಡುಗಳಲ್ಲಿ ಇರುತ್ತಾರೆ. ಫೇಲು ಯಾರೂ ಇಲ್ಲ. ರಜೆ ಕಳೆದು ಶಾಲೆ ತೆರೆದಾಗ 2ನೇ ತರಗತಿ ಎಂದು ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಬಂದಿರುತ್ತದೆ. ಕೋಣೆ ಅದೇ, ಸಾಮಾನ್ಯವಾಗಿ ಶಿಕ್ಷಕಿಯೂ ಅವರೇ. ಟ್ರೇಯಿಂದ ಮಗು ತೆಗೆದುಕೊಳ್ಳುವುದು ಏಪ್ರಿಲ್‌ನಲ್ಲಿ ಬಿಟ್ಟುಹೋಗಿದ್ದ ಕಾರ್ಡಿನ ಮುಂದಿನದು.